ಅವ್ವನಿಲ್ಲದ ಪಾಳಿ

ಬೋರಗಾಂವದಲ್ಲಿ ಕೋಳಿಗಿಂತ ಮೊದಲು ಕರೆಂಟು ಏಳುತ್ತದೆ. ನಸುಕಿನ ಐದಕ್ಕೆ ಅದು ಬಂದದ್ದೇ ತಡ, ಓಣಿ ಓಣಿಯ ತಗಡಿನ ಶೆಡ್ಡುಗಳಲ್ಲಿ ವಿದ್ಯುತ್ ಮಗ್ಗಗಳು ಖಟ್ ಖಟ್ ಎಂದು ಶುರು ಹಚ್ಚಿಕೊಳ್ಳುತ್ತವೆ. ಹೊಸಬರಿಗೆ ಕಿವಿ ಗಡಚಿಕ್ಕುವ ಸದ್ದು. ಊರಿನ ಕೂಸುಗಳು ಅದೇ ಸದ್ದಿನಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತವೆ. ರಾವಸಾಹೇಬರ ಶೆಡ್ಡಿನ ಬಾಗಿಲಲ್ಲಿ ಮಾತ್ರ ಕರೆಂಟಿಗಿಂತಲೂ ಮೊದಲೇ ಬಂದು ನಿಂತವಳು ಒಬ್ಬಳಿದ್ದಾಳೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಗಲಲ್ಲಿ ಬುತ್ತಿಯ ಡಬ್ಬಿ. ಹೆಸರು ಸುಂದರಾ. ವಯಸ್ಸು ಮೂವತ್ತು ದಾಟಿದೆ. ಕೀಲಿ ತೆಗೆಯಲು ಬರುವ ಧೂಳಪ್ಪ ತುಸು ತಡ ಮಾಡಿದರೂ ಆಕೆ ಬಿಡುವವಳಲ್ಲ.

"ಧೂಳಪ್ಪ ಮಾಮಾ, ಎಷ್ಟ ಮಕ್ಕೋತೀಯೋ! ಹೊತ್ತ ಆತು, ತಗೀ ಬಾಗಲಾ."

"ಆತವಾ ನಮ್ಮವ್ವಾ, ತಪ್ಪಾತು," ಎನ್ನುತ್ತ ಧೂಳಪ್ಪ ಕೀಲಿ ತಿರುವುತ್ತಾನೆ. ಅವನು ಈ ಶೆಡ್ಡಿನ ಜಾಬರ್. ಅಂದರೆ ಮಗ್ಗ ಕೆಟ್ಟರೆ ರಿಪೇರಿ ಮಾಡುವ, ಕೆಡದಿದ್ದರೆ ಎಲ್ಲರನ್ನೂ ಬೈದುಕೊಂಡು ತಿರುಗುವ ಮನುಷ್ಯ. ಮಾಲಕರೂ ಅವನಿಗೆ ಎದುರಾಡುವುದಿಲ್ಲ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಧೈರ್ಯ ಇರುವುದು ಸುಂದರಾ ಒಬ್ಬಳಿಗೇ.

ಆಕೆಯ ಕೆಲಸ ಕಾಂಡಿ ತುಂಬುವುದು. ಮಗ್ಗದ ಲಾಳಿಯ ಹೊಟ್ಟೆಯೊಳಗೆ ಕೂತು ಅಡ್ಡನೂಲು ಬಿಡುವ ಗೇಣುದ್ದದ ಕಟ್ಟಿಗೆಯ ಕಡ್ಡಿಗೆ ಇಲ್ಲಿ ಕಾಂಡಿ ಎನ್ನುತ್ತಾರೆ. ಖಾಲಿ ಕಾಂಡಿಯನ್ನು ಯಂತ್ರಕ್ಕೆ ಸಿಕ್ಕಿಸಬೇಕು, ನೂಲು ಹರಿದರೆ ಗಂಟು ಹಾಕಬೇಕು, ತುಂಬಿದ್ದನ್ನು ಕಿತ್ತು ಬುಟ್ಟಿಗೆ ಹಾಕಬೇಕು, ಬುಟ್ಟಿ ತುಂಬಿದರೆ ಮಗ್ಗದ ಬಳಿ ಒಯ್ದಿಡಬೇಕು. ಕೇಳಲು ಇಷ್ಟೇ. ಆದರೆ ಮಗ್ಗಗಳು ಬಕಾಸುರನ ಸಂತತಿ, ಎಷ್ಟು ಹಾಕಿದರೂ ಸಾಲದು. ಕಾಂಡಿ ಸಿಗದೆ ಮಗ್ಗ ನಿಂತರೆ ನೇಕಾರ ಕೂಗುತ್ತಾನೆ, ನೇಕಾರ ಕೂಗಿದರೆ ಮಾಲಕರು ಬರುತ್ತಾರೆ. ದಿನಕ್ಕೆ ಎಷ್ಟು ಕಾಂಡಿ ತುಂಬುತ್ತೀ ಎಂದು ಕೇಳಿದರೆ ಸುಂದರಾ ಕತ್ತೆತ್ತಿ ಒಂದೇ ಮಾತು ಹೇಳುತ್ತಾಳೆ: "ಭಾಳ."

ಪಕ್ಕದ ಯಂತ್ರದ ಶೇವಂತಾ ನಗುತ್ತ ಮಾತು ಕೂಡಿಸುತ್ತಾಳೆ. "ನಾವು ಮಾತಾಡಕೋತ ಕೈ ಬಿಡ್ತೇವ್ರಿ. ಈಕಿ ಮಾತೂ ಬಿಡೂದಿಲ್ಲ, ಕೈಯೂ ಬಿಡೂದಿಲ್ಲ."

ಈ ಹೊತ್ತಿಗೆ ಸುಂದರಾಳ ಅವ್ವ ಲಗಮವ್ವ ಎಲ್ಲಿದ್ದಾಳೆ? ಎರಡು ಓಣಿ ಆಚೆ, ತನ್ನ ಮನೆಯಲ್ಲಿ, ಎಮ್ಮೆಯ ಮುಂದೆ. ಹಾಲು ಹಿಂಡುತ್ತ ಮಗ್ಗಗಳ ಸದ್ದು ಕೇಳುತ್ತಿದ್ದಾಳೆ. ಇದರಲ್ಲೇನು ದೊಡ್ಡಸ್ತಿಕೆ ಎಂದು ಓದುವವರಿಗೆ ಅನಿಸಬಹುದು. ಆದರೆ ಹುಟ್ಟಿದಂದಿನಿಂದ ಮಗಳ ನೆರಳಾಗಿ ತಿರುಗಿದ ತಾಯಿ ಒಬ್ಬಳೇ ಮನೆಯಲ್ಲಿ ಕೂರುವುದನ್ನು ಕಲಿಯಲು ಪಟ್ಟ ಪಾಡು ಆಕೆಗೇ ಗೊತ್ತು.

ಲಗಮವ್ವನ ಗಂಡ ಮಲಕಾರಿ ಕುರಿ ಕಾಯುವವನು. ಹಿಂಡು ಹೊಡೆದುಕೊಂಡು ಹೋದನೆಂದರೆ ತಿಂಗಳುಗಟ್ಟಲೆ ಊರಿನ ಕಡೆ ಮುಖವಿಲ್ಲ. ಸುಂದರಾ ತಡವಾಗಿ ನಡೆದಳು, ಇನ್ನೂ ತಡವಾಗಿ ಮಾತಾಡಿದಳು. ಊರವರು 'ಭೋಳಿ' ಎಂದರು. ಪುಸ್ತಕದ ಭಾಷೆಯಲ್ಲಿ ಅದಕ್ಕೆ ಬುದ್ಧಿಮಾಂದ್ಯ ಎಂಬ ಭಾರವಾದ ಹೆಸರಿದೆ. ತಾಯಿ ಮಗಳನ್ನು ಬಗಲಲ್ಲಿ ಹಾಕಿಕೊಂಡು ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಕೊನೆಗೆ ಮೀರಜಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದಳು. ಅವರು ಔಷಧಿ ಬರೆಯಲಿಲ್ಲ.

"ಆ ಡಾಕ್ಟರ್ ಮರಾಠಿ ಮನಶ್ಯಾ ರೀ. 'ಹಳೂ ಹಳೂ ಶಿಕವಾ' ಅಂದ್ರು. ಸಾವಕಾಶ ಕಲಸ್ರಿ ಅಂತ. ನಾ ಔಷಧಾ ಕೊಡ್ತಾರಂತ ಹ್ವಾದಾಕಿ, ಸಿಟ್ಟ ಬಂತು. ಬಸ್ಸಿನಾಗ ಅಳಕೋತ ಬಂದ್ನಿ. ಈಗ ಅನಸ್ತೈತ್ರಿ, ಅದ ಔಷಧಾ ಇತ್ತು ಅಂತ," ಎನ್ನುತ್ತಾಳೆ ಲಗಮವ್ವ.

ಸಾವಕಾಶವಾಗಿ ಸುಂದರಾ ಕಸ ಹೊಡೆಯಲು ಕಲಿತಳು, ನೀರು ತರಲು ಕಲಿತಳು, ಶೇಂಗಾ ಸುಲಿಯಲು ಕಲಿತಳು. ಕಲಿತದ್ದೇ ತಪ್ಪಾಯಿತೇನೋ ಎನ್ನುವ ಹಾಗೆ ಊರೆಲ್ಲ ಕರೆಯತೊಡಗಿತು. ಯಾರ ಮನೆಯ ಜೋಳ ಹಸನು ಮಾಡಬೇಕಿದ್ದರೂ ಸುಂದರಾ, ಯಾರ ಅಂಗಳ ಸಾರಿಸಬೇಕಿದ್ದರೂ ಸುಂದರಾ. ಸಂಜೆಗೆ ಕೈಯಲ್ಲಿ ಒಂದು ತುಂಡು ಬೆಲ್ಲ, ಇಲ್ಲವೇ ನಿನ್ನೆಯ ರೊಟ್ಟಿ. ಅದನ್ನೂ ಕೊಡುವಾಗ ಪುಣ್ಯ ಕಟ್ಟಿಕೊಂಡವರ ಮುಖ. ಬೇರೆ ಹೆಂಗಸರಿಗೆ ಕೂಲಿ ಕೊಡುವವರಿಗೆ ಈಕೆಗೂ ಕೂಲಿ ಕೊಡಬೇಕೆಂಬುದು ಹೊಳೆಯಲೇ ಇಲ್ಲ. ಹೊಳೆದರೂ ಮರೆತರು.

ಒಂದು ಕೆಲಸ ಮಾತ್ರ ಸುಂದರಾ ಖುಷಿಯಿಂದ ಓಡಿಹೋಗಿ ಮಾಡುತ್ತಿದ್ದಳು. ಮದುವೆ ಮನೆಯ ಪಂಗತಿಯಲ್ಲಿ ಬಡಿಸುವುದು. ಚಪಾತಿಯ ಬುಟ್ಟಿ ಹಿಡಿದು ಹೊರಟಳೆಂದರೆ ಸಾಲಿನ ಒಂದು ಎಲೆಯೂ ಖಾಲಿ ಉಳಿಯುವಂತಿಲ್ಲ. ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಒಂದು ಬಿದ್ದಿದ್ದರೆ ಎರಡಿದ್ದವರ ಎಲೆಯಿಂದ ಎತ್ತಿ ಇಲ್ಲದವರಿಗೆ ಹಾಕಲೂ ಹೇಸುತ್ತಿರಲಿಲ್ಲ. ಸಾಹುಕಾರರ ಎಲೆಯಿಂದ ಎತ್ತಿದಾಗ ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತ್ತು.

ತೊಂಬತ್ತನೆಯ ಇಸವಿಯಲ್ಲಿ ಲಗಮವ್ವ ರಾವಸಾಹೇಬರ ಶೆಡ್ಡಿಗೆ ಕಾಂಡಿ ತುಂಬಲು ಹೋದಳು. ಮಗಳನ್ನು ಬಿಟ್ಟು ಹೋಗುವುದೆಲ್ಲಿಗೆ? ಜೊತೆಯಲ್ಲೇ ಕರೆದುಕೊಂಡು ಹೋದಳು. ರಾವಸಾಹೇಬರು ಕಬ್ಬಿನ ಹಣದಲ್ಲಿ ಮಗ್ಗ ಹಾಕಿದವರು, ಲೆಕ್ಕದ ಮನುಷ್ಯ. "ಇಬ್ರೂ ಬರ್ರಿ, ಪಗಾರ ಒಂದ," ಎಂದರು. ಮಗಳು ಕಣ್ಣೆದುರಿಗೆ ಇದ್ದರೆ ಸಾಕು ಎಂದು ಲಗಮವ್ವ ಒಪ್ಪಿಕೊಂಡಳು. ಗಂಟು ಹಾಕುವುದೊಂದನ್ನು ಕಲಿಸಲು ಹಲವು ತಿಂಗಳು ಹಿಡಿಯಿತು. ಸುಂದರಾ ಹಾಕಿದ ಗಂಟು ಬಿಚ್ಚುತ್ತಿತ್ತು, ತಾಯಿ ಮತ್ತೆ ತೋರಿಸುತ್ತಿದ್ದಳು, ಮಗಳು ಮುಖ ಊದಿಸಿಕೊಂಡು ಮೂಲೆಗೆ ಹೋಗಿ ಕೂರುತ್ತಿದ್ದಳು, ಮತ್ತೆ ಎದ್ದು ಬರುತ್ತಿದ್ದಳು. ಒಂದು ದಿನ ಗಂಟು ನಿಂತಿತು. ಆಮೇಲೆ ಬಿಚ್ಚಿದ್ದಿಲ್ಲ.

ದಿನ ಹೋದಂತೆ ಲಗಮವ್ವನ ಮೊಣಕಾಲು ಕೈಕೊಟ್ಟವು, ಕಣ್ಣು ಮಂಜಾಯಿತು. ಯಂತ್ರ ನೋಡುವುದು, ಬುಟ್ಟಿ ಹೊರುವುದು ಎಲ್ಲ ಮಗಳ ಕೈಗೆ ಬಂತು. ತಾಯಿ ಪಕ್ಕದಲ್ಲಿ ಕೂತು, "ಇದನ್ನ ಅಲ್ಲಿ ಇಡು, ಅದನ್ನ ಇಲ್ಲಿ ಇಡು," ಎಂದು ಬೆರಳು ತೋರಿಸುತ್ತಿದ್ದಳು, ಅಷ್ಟೇ. ಆದರೂ ಪಗಾರದ ದಿನ ಮಾಲಕರು ಕರೆಯುತ್ತಿದ್ದದ್ದು ಲಗಮವ್ವನ ಹೆಸರನ್ನು. ದುಡಿಯುವವಳು ಮಗಳು, ನೌಕರಿ ತಾಯಿಯದು. ತಾನು ಇಲ್ಲದ ದಿನ ಈ ನೌಕರಿಯೂ ಇರುವುದಿಲ್ಲ ಎಂಬುದು ಲಗಮವ್ವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಎರಡು ವರ್ಷದ ಹಿಂದೆ, ತೊಂಬತ್ತೆರಡರ ಶ್ರಾವಣದಲ್ಲಿ, ಲಗಮವ್ವ ಚಳಿಜ್ವರದಿಂದ ಹಾಸಿಗೆ ಹಿಡಿದಳು. ಅಂದು ಮೊದಲ ಸಲ ಸುಂದರಾ ಒಬ್ಬಳೇ ಪಾಳಿಗೆ ಹೋದಳು. ತಾಯಿ ಹಿಂದಿನ ದಿನ ಇಡಿಸಿದ್ದ ಬುಟ್ಟಿಗಳ ಮೇಲೆ ಮಧ್ಯಾಹ್ನದವರೆಗೆ ಎಲ್ಲ ಸರಳ ನಡೆಯಿತು. ಆಮೇಲೆ ಆಕೆಯ ಕಣ್ಣಿಗೆ ಒಂದು ಅನ್ಯಾಯ ಬಿತ್ತು. ಕೆಲವು ಮಗ್ಗಗಳ ಮುಂದಿನ ಬುಟ್ಟಿ ಕಾಂಡಿಗಳಿಂದ ತುಂಬಿ ತುಳುಕುತ್ತಿದೆ, ಕೆಲವುಗಳ ಬುಟ್ಟಿ ತಳ ಕಂಡಿದೆ.

ಕಾರಣ ಇಷ್ಟೇ. ಶೆಡ್ಡಿನ ಅರ್ಧ ಮಗ್ಗಗಳು ದಪ್ಪ ನೂಲಿನವು, ಅರ್ಧ ಸಣ್ಣ ನೂಲಿನವು. ದಪ್ಪ ನೂಲಿನ ಕಾಂಡಿ ಬೇಗ ಮುಗಿಯುತ್ತದೆ, ಸಣ್ಣದು ಬಹಳ ಹೊತ್ತು ಬರುತ್ತದೆ. ನೂಲು ಎರಡೂ ಬಿಳಿ, ಕಾಂಡಿ ಎರಡೂ ಒಂದೇ ಥರ. ಯಾವುದು ಯಾವ ಮಗ್ಗಕ್ಕೆ ಎಂದು ಬೆರಳು ತೋರಿಸುವ ತಾಯಿ ಅಂದು ಹಾಸಿಗೆಯಲ್ಲಿದ್ದಳು. ನೂಲಿನಲ್ಲಿ ಎರಡು ಜಾತಿ ಇವೆ ಎಂದು ಸುಂದರಾಳಿಗೆ ಯಾರೂ ಹೇಳಿರಲೇ ಇಲ್ಲ. ಆಕೆ ಸೆರಗು ಬಿಗಿದಳು. ತುಂಬಿದ ಬುಟ್ಟಿಗಳಿಂದ ಎತ್ತಿ ಖಾಲಿ ಬುಟ್ಟಿಗಳಿಗೆ ಹಾಕುತ್ತ ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮಗ್ಗಗಳಿಗೂ ಸರಿಸಮ ಬಡಿಸಿದಳು. ನೇಕಾರರು ಬುಟ್ಟಿಗೆ ಕೈ ಹಾಕಿದರು, ಸಿಕ್ಕಿದ್ದನ್ನು ಲಾಳಿಗೆ ತುರುಕಿದರು.

ಮರುದಿನ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಬಣ್ಣ ಬಯಲಾಯಿತು. ಒಂದು ಗೇಣು ದಪ್ಪ, ಒಂದು ಗೇಣು ತೆಳು. ಥಾನಿನ ತುಂಬ ಪಟ್ಟೆ ಪಟ್ಟೆ. ಹಿಂದಿನ ಮಧ್ಯಾಹ್ನದಿಂದ ನೆಯ್ದದ್ದೆಲ್ಲ ಸೆಕೆಂಡ್ ಮಾಲಾಗಿ ಮೂಲೆಗೆ ಬಿತ್ತು. ನೇಕಾರರು ಗದ್ದಲ ಎಬ್ಬಿಸಿದರು. ಧೂಳಪ್ಪ ಸುಂದರಾಳನ್ನು ಕರೆದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದ.

"ಅವಕ್ಕ ಇರ್ಲಿಲ್ಲ ಮಾಮಾ. ಎಲ್ಲಾರಿಗೂ ಕೊಟ್ನಿ," ಎಂದಳು ಸುಂದರಾ. ಮೆಚ್ಚುಗೆಯ ಮಾತಿಗೆ ಕಾಯುವವಳಂತೆ ಅವನ ಮುಖ ನೋಡಿದಳು.

ಧೂಳಪ್ಪನಿಗೆ ಬೈಯಲು ಬಾಯಿ ಬರಲಿಲ್ಲ. ರಾವಸಾಹೇಬರಿಗೆ ಬಂತು. "ಮಗ್ಗ ಅಂದ್ರ ಮದವಿ ಊಟಾ ಅಂತ ತಿಳದಾಳೇನ್ ಈಕಿ? ಲಗಮವ್ವ ಬಂದ್ರ ಮಗಳು ಬರ್ಲಿ. ಲಗಮವ್ವ ಇಲ್ಲಂದ್ರ ಬ್ಯಾಡಾ," ಎಂದು ಸುಂದರಾಳನ್ನು ಮನೆಗೆ ಕಳಿಸಿದರು.

ತಾನು ಮಾಡಿದ ತಪ್ಪೇನೆಂದು ತಿಳಿಯದೆ ಮಗಳು ಬುತ್ತಿಯ ಡಬ್ಬಿಯನ್ನು ಹಾಗೆಯೇ ಹಿಡಿದುಕೊಂಡು ಬಂದು ಗೋಡೆಗೆ ಮುಖ ಮಾಡಿ ಕೂತಳು. ನೆರೆಯ ಹೆಂಗಸರು ಸಮಾಧಾನ ಹೇಳಲು ಬಂದರು. ಮನೆಯಲ್ಲಿ ಇರಲಿ ಬಿಡು, ದೇವರಂಥವಳು ಎಂದರು. ಆ ಮಾತು ಲಗಮವ್ವನ ಜ್ವರ ಇಳಿಸಿತು ಎಂದರೂ ತಪ್ಪಿಲ್ಲ.

"ದೇವರಂಥಾಕಿ ಅಂತ ಗುಡಿಯಾಗ ಕೂಡಸ್ತಾರೇನ್ರಿ? ಹಿತ್ತಲದಾಗ ಕೂಡಸ್ತಾರ. ನಾ ಸತ್ತ ಮ್ಯಾಲೆ ಈಕಿ ಮಂದಿ ಹಿತ್ತಲದಾಗ ಕುಂತ ನಿನ್ನಿ ರೊಟ್ಟಿ ತಿನ್ನೂದು ನನ್ನ ಕಣ್ಮುಂದ ಬಂತು. ಕಂಬಳಿ ಹೊಚಗೊಂಡ ಎದ್ನಿ," ಎಂದು ಅಂದಿನ ಸಿಟ್ಟನ್ನು ಇಂದೂ ಉಳಿಸಿಕೊಂಡು ಹೇಳುತ್ತಾಳೆ.

ಶೆಡ್ಡಿಗೆ ಹೋದವಳು ರಾವಸಾಹೇಬರ ಎದುರು ನಿಂತಳು. ಅಳಲಿಲ್ಲ, ಕೈ ಮುಗಿಯಲಿಲ್ಲ. "ಮಾಲಕ್ರ, ನನ್ನ ಮಗಳು ತಪ್ಪ ಮಾಡ್ಯಾಳ, ಬೈರಿ. ಎಲ್ಲಾರಿಗೂ ಬೈದಂಗ ಬೈರಿ. ಹ್ವಾದ ತಿಂಗಳ ನಿಮ್ಮ ನೇಕಾರ ನಿದ್ದಿಗಣ್ಣಾಗ ಬಟ್ಟಿ ಕೆಡಸಿದಾ. ನಿಮ್ಮವ್ವನ್ನ ಕರಕೊಂಡ ಬಾ ಅಂತ ಅವಗ ಅಂದ್ರೇನ್ರಿ?"

ಶೆಡ್ಡಿನಲ್ಲಿ ನಗೆ ಸಿಡಿಯಿತು. ಆ ನೇಕಾರನ ದಪ್ಪ ಮೀಸೆಯನ್ನು ನೆನೆದರೆ ನಗೆ ಬರದೆ ಇರುತ್ತದೆಯೇ? ರಾವಸಾಹೇಬರು ನಗು ತಡೆದುಕೊಂಡರೂ ಮಾತು ಬಿಡಲಿಲ್ಲ. ಇನ್ನೊಮ್ಮೆ ಹೀಗಾದರೆ ಯಾರು ಹೊಣೆ ಎಂದರು. ಆಗ ಧೂಳಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ ನಡುವೆ ಬಂದ. "ಹೊಣಿ ನಂದ್ರಿ. ಎರಡ ನಮೂನಿ ನೂಲಿಗೆ ಒಂದ ನಮೂನಿ ಕಾಂಡಿ ಇಟ್ಟದ್ದ ನಮ್ಮ ತಪ್ಪು. ಶ್ಯಾಣ್ಯಾರೂ ಕಾಂಡಿ ಅದಲಬದಲ ಮಾಡ್ಯಾರ, ಹೇಳಿಲ್ಲ ಅಷ್ಟ. ಒಂದ ಕೆಂಪ ಬಣ್ಣದ ಡಬ್ಬಿ ತರಸ್ರಿ."

ದಪ್ಪ ನೂಲಿನ ಕಾಂಡಿಗಳ ಬುಡಕ್ಕೆ ಧೂಳಪ್ಪ ಕೆಂಪು ಬಳಿದ. ಆ ಮಗ್ಗಗಳ ಬುಟ್ಟಿಗಳಿಗೂ ಕೆಂಪು ಬಳಿದ. ಕೆಂಪು ಕೆಂಪಿಗೆ, ಬಣ್ಣವಿಲ್ಲದ್ದು ಬಣ್ಣವಿಲ್ಲದ್ದಕ್ಕೆ. ಅವನು ಸುಂದರಾಳ ಜೊತೆ ಕೂತು ಒಂದೊಂದೇ ಕಾಂಡಿ ಕೈಗೆ ಕೊಟ್ಟು, ಇದರ ಮನೆ ಯಾವುದು ಎಂದು ಕೇಳಿದ. ಆಕೆ ಮೊದಮೊದಲು ತಪ್ಪಿದಳು, ಆಮೇಲೆ ಅವನೇ ಬೇಕೆಂದು ತಪ್ಪು ಬುಟ್ಟಿಗೆ ಹಾಕಿದರೆ ಅವನ ಕೈ ಹಿಡಿದು ತಡೆದಳು. ತುಂಬಿದ ಬುಟ್ಟಿಯಿಂದ ಎತ್ತಬಾರದು, ಖಾಲಿಯಾದ ಬುಟ್ಟಿಗೆ ಹೊಸದಾಗಿ ತುಂಬಿ ತರಬೇಕು ಎಂಬುದು ಮಾತ್ರ ಆಕೆಗೆ ಬಹಳ ದಿನ ಸರಿ ಕಾಣಲಿಲ್ಲ. ಈಗಲೂ ಪೂರಾ ಸರಿ ಕಂಡಂತಿಲ್ಲ.

ಆಗ ಲಗಮವ್ವ ಯಾರೂ ನೆನೆಸದ ಮಾತಾಡಿದಳು. ಇನ್ನು ಮೇಲೆ ತಾನು ಶೆಡ್ಡಿಗೆ ಬರುವುದಿಲ್ಲ, ಒಂದು ವಾರ ಮಗಳನ್ನು ಒಬ್ಬಳನ್ನೇ ನೋಡಿರಿ, ನಡೆದರೆ ಪಗಾರ ಅವಳ ಹೆಸರಿನಲ್ಲಿ, ಅವಳ ಕೈಗೆ, ಎಲ್ಲರಿಗೆ ಕೊಟ್ಟಷ್ಟೇ ಕೊಡಿರಿ ಎಂದಳು. ನಡೆಯದಿದ್ದರೆ? ಇಬ್ಬರಿಗೂ ಸೇರಿ ಇದ್ದ ಒಂದು ನೌಕರಿಯೂ ಹೋಗುತ್ತಿತ್ತು. ಗೊತ್ತಿದ್ದೇ ಆಡಿದಳು.

ಆ ವಾರ ಲಗಮವ್ವನಿಗೆ ಯುಗವಾಯಿತು. ಮಗಳನ್ನು ಕಳಿಸಿದ ಮೇಲೆ ಕೈಗೆ ಕೆಲಸವೇ ಇಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಓಣಿಯ ತುದಿಯವರೆಗೆ ಹೋಗುವುದು, ಶೆಡ್ಡು ಕಂಡೊಡನೆ ತಿರುಗಿ ಬರುವುದು. ಎಮ್ಮೆ ಕೂಡ ಬೇಸತ್ತು ನೋಡುತ್ತಿತ್ತೇನೋ. ಮಗ್ಗಗಳ ಸದ್ದೊಂದೇ ಆಕೆಗೆ ಆಧಾರ. ಸದ್ದು ನಡೆದಿದೆ ಎಂದರೆ ಕಾಂಡಿ ಹೋಗುತ್ತಿದೆ, ಕಾಂಡಿ ಹೋಗುತ್ತಿದೆ ಎಂದರೆ ಮಗಳು ಮಾಡುತ್ತಿದ್ದಾಳೆ.

ವಾರದ ನಡುವೆ ಒಂದು ಮಧ್ಯಾಹ್ನ ಆ ಸದ್ದು ಪಟ್ಟನೆ ನಿಂತಿತು.

"ಜೀವಾ ಬಾಯಿಗಿ ಬಂತ್ರಿ. ಸೆರಗ ಮಷೀನ ತಿರಗಸೂ ಪಟ್ಟಾಕ್ಕ ಸಿಕ್ಕೈತಿ, ಇಲ್ಲಂದ್ರ ಕೈ ಮಷೀನ್ಯಾಗ ಹೋಗೈತಿ ಅಂತ ತಿಳದ್ನಿ. ಬರಿಗಾಲಲೆ ಓಡಿದ್ನಿ. ಈ ಮೊಣಕಾಲ ಇಟಗೊಂಡ ಹೆಂಗ ಓಡಿದ್ನೋ ದೇವರಿಗೆ ಗೊತ್ತ."

ಶೆಡ್ಡಿನ ಹತ್ತಿರ ಬಂದು ನೋಡಿದರೆ ನೇಕಾರರು ಹೊರಗೆ ಬೀಡಿ ಹಚ್ಚಿಕೊಂಡು ನಿಂತಿದ್ದಾರೆ. ಅತ್ತಲಿನ ಶೆಡ್ಡೂ ಸದ್ದಿಲ್ಲ, ಇತ್ತಲಿನದೂ ಸದ್ದಿಲ್ಲ. ಊರಿಗೆ ಊರೇ ಕರೆಂಟು ಹೋಗಿತ್ತು, ಅಷ್ಟೇ. ಗಾಬರಿಯಲ್ಲಿ ಇದು ಆಕೆಯ ತಲೆಗೇ ಬಂದಿರಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಹೆಂಗಸರ ಸಾಲಿನಲ್ಲಿ ಸುಂದರಾ ಕೂತಿದ್ದಳು. ಮಡಿಲಲ್ಲಿ ಹುರಿದ ಶೇಂಗಾ. ಏನೋ ಹೇಳಿ ತಾನೇ ನಕ್ಕಳು. ಶೇವಂತಾ ಆಕೆಯ ಬೆನ್ನಿಗೆ ಗುದ್ದಿ ನಕ್ಕಳು. ಯಾರೂ ಆಕೆಯನ್ನು ಕಾಯುತ್ತಿರಲಿಲ್ಲ. ಯಾರೂ ಆಕೆಯ ಮೇಲೆ ಕನಿಕರಪಡುತ್ತಿರಲಿಲ್ಲ. ಎಲ್ಲರ ಹಾಗೆ ಕರೆಂಟಿಗೆ ಬೈಯುತ್ತ ಕೂತಿದ್ದಳು.

ಲಗಮವ್ವ ಲೈಟಿನ ಕಂಬದ ಹಿಂದೆ ನಿಂತು ಕಣ್ತುಂಬ ನೋಡಿದಳು. ಶೇವಂತಾಳ ಕಣ್ಣಿಗೆ ಬಿದ್ದಳು. ಆಕೆ ಸುಂದರಾಳಿಗೆ ಕಾಣದಂತೆ, ಹೋಗು ಮಾವಶಿ ಎಂದು ಕೈಸನ್ನೆ ಮಾಡಿದಳು. ಲಗಮವ್ವ ಹಿಂತಿರುಗಿದಳು. ಬರುವಾಗ ಮೊಣಕಾಲು ನೋಯತೊಡಗಿದವು. ನೋಯಲಿ ಎಂದುಕೊಂಡಳು. ಅಂದು ಸಂಜೆ ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು.

ವಾರದ ಕೊನೆಗೆ ರಾವಸಾಹೇಬರು ಪಗಾರ ಹಂಚುವಾಗ ಎಂದಿನ ರೂಢಿಯಲ್ಲಿ "ಲಗಮವ್ವ" ಎಂದು ಕೂಗಿದರು. ಯಾರೂ ಮುಂದೆ ಬರಲಿಲ್ಲ. ಸುಂದರಾ ತನ್ನ ಜಾಗದಿಂದಲೇ, "ಅವ್ವ ಮನ್ಯಾಗ ಅದಾಳ," ಎಂದಳಂತೆ. ಮಾಲಕರು ತಲೆ ಕೆರೆದುಕೊಂಡು, ಈ ಸಲ "ಸುಂದರಾ" ಎಂದು ಕರೆದರು. ಆಕೆ ಹೋಗಿ ಎರಡೂ ಕೈ ಒಡ್ಡಿದಳು. ಆ ದಿನದಿಂದ ಇಂದಿನವರೆಗೆ ಆ ಹೆಸರು ತಪ್ಪಿಲ್ಲ.

ರಾವಸಾಹೇಬರನ್ನು ಕೇಳಿದರೆ ಅವರು ಹೊಗಳಿಕೆಗೆ ಸಿಗುವವರಲ್ಲ. "ಧರ್ಮಕ್ಕ ಇಟಗೊಂಡಿಲ್ರಿ ನಾ. ದುಡೀತಾಳ, ಕೊಡ್ತೇನಿ. ಬಣ್ಣಾ ಹಚ್ಚಿದ ಮ್ಯಾಲೆ ಒಬ್ರೂ ಕಾಂಡಿ ಅದಲಬದಲ ಮಾಡಿಲ್ಲ. ಆ ಬಣ್ಣದ ಡಬ್ಬಿ ನನ್ನ ಖರ್ಚಿಲೆ ತಂದದ್ದು, ಅದನ್ನೂ ಬರ್ಕೋರಿ." ಬರೆದುಕೊಂಡದ್ದಾಯಿತು. ಸುಂದರಾಳ ಮೇಲೆ ಅವರ ದೂರು ಒಂದೇ: ಕರೆಂಟಿಲ್ಲದ ವಾರದ ಸೂಟಿಯ ದಿನವೂ ಬಂದು ಬಾಗಿಲು ಬಡಿಯುತ್ತಾಳೆ.

ಈಚೆಗೆ ಬೇಡಕಿಹಾಳದಿಂದ ಒಬ್ಬ ತಾಯಿ ಲಗಮವ್ವನ ಮನೆ ಹುಡುಕಿಕೊಂಡು ಬಂದಿದ್ದಳು. ಆಕೆಯ ಮಗನೂ ಸುಂದರಾಳಂಥವನೇ. ಏನು ಮಾಡಲಿ ಎಂದು ಕೇಳಿದಳು. ಲಗಮವ್ವ ದೊಡ್ಡ ಉಪದೇಶ ಮಾಡಲಿಲ್ಲ. ಕೆಲಸ ಕಲಿಸು, ಕಲಿಸಿದ ಮೇಲೆ ನೀನು ಮನೆಯಲ್ಲಿ ಕೂರು, ಎರಡನೆಯದೇ ಕಷ್ಟ ಎಂದಳು.

ತನ್ನ ಮನಸ್ಸಿನ ಭಾರ ಇಳಿದದ್ದನ್ನು ಆಕೆ ಮುಚ್ಚಿಡುವುದಿಲ್ಲ. "ಪಾಪದ ಮಾತ ಹೇಳ್ತೇನ್ರಿ. ಮೊದಲೆಲ್ಲಾ ದಿನಾಲೂ ದೀಪಾ ಹಚ್ಚಿ ಬೇಡ್ಕೋತಿದ್ನಿ, ನನಗಿಂತ ಒಂದ ದಿನಾ ಮೊದಲ ಈಕಿನ್ನ ಕರಕೋ ಅಂತ. ಹಡದ ತಾಯಿ ಬೇಡೂ ಮಾತೇನ್ರಿ ಅದು? ಆದ್ರೂ ಬೇಡತಿದ್ನಿ. ಈಗ ದೀಪಾ ಹಚ್ಚತೇನಿ, ಕೈ ಮುಗೀತೇನಿ, ಸುಮ್ನ ಬರ್ತೇನಿ. ಬೇಡಾಕ ಏನೂ ನೆನಪಾಗೂದಿಲ್ಲ." ಹೇಳುತ್ತ ಹೇಳುತ್ತ ಆಕೆ ನಗುತ್ತಾಳೆ, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಾಳೆ.

ಸಂಜೆಯಾಗಿದೆ. ಓಣಿಯಲ್ಲಿ ಎಮ್ಮೆಗಳು ಮರಳುತ್ತಿವೆ. ಲೇಖನಕ್ಕೊಂದು ಕೊನೆ ಬೇಕಲ್ಲ. ನಿಮಗೆ ಇನ್ನೇನು ಆಸೆ ಇದೆ ಎಂದು ಲಗಮವ್ವನನ್ನು ಕೇಳಿದ್ದಾಗಿದೆ. ಆಕೆ ಹಣೆಗೆ ಕೈ ಹಚ್ಚಿ ಯೋಚಿಸುತ್ತಿರುವಾಗಲೇ ಸುಂದರಾ ಪಾಳಿ ಮುಗಿಸಿ ಒಳಗೆ ಬರುತ್ತಾಳೆ. ಜಡೆಯ ತುಂಬ ಹತ್ತಿಯ ಎಳೆ. ಡಬ್ಬಿಯನ್ನು ಠಕ್ಕನೆ ನೆಲಕ್ಕಿಡುತ್ತಾಳೆ, ಗೋಡೆಗೆ ಒರಗಿ ಎರಡೂ ಕಾಲು ಉದ್ದಕ್ಕೆ ಚಾಚುತ್ತಾಳೆ. ಮನೆಗೆ ಬಂದವರ ಕಡೆ ನೋಡುವುದೂ ಇಲ್ಲ.

"ಯವ್ವಾ, ದಣದೇನಿ ಬೇ. ಚಾ ಮಾಡ."

ಲಗಮವ್ವ ನೆಲಕ್ಕೆ ಕೈಯೂರಿ ಏಳುತ್ತಾಳೆ. "ತಡೀರಿ ಪೇಪರಿನವ್ರ, ನಿಮ್ಮ ಪ್ರಶ್ನಿ ಆಮ್ಯಾಲ," ಎನ್ನುತ್ತಾಳೆ. "ಮಗಳು ದುಡದ ಬಂದಾಳ."